ಮೀಸೆಯೊಳಗಿನ ತಾರಿ

ಬುದವಂತಿ ರಬ್ಬರ್ ಬಿರಡೆಯನ್ನು ಮೂಗಿಗೊತ್ತಿ ನೋಡಿದಳು.
"ಎಂತ ವಾಸ್ನಿ? ನಂಗೇನೂ ಬತ್ತಿಲ್ಲ."
ನನಗೂ ಬರುವುದಿಲ್ಲ, ಎಂದೆ.
ಬರ್ಗಿಯ ಗದ್ದೆಯಲ್ಲಿ ಆ ಸಂಜೆ ಯಾರಿಗೂ ಬರಲಿಲ್ಲ,
ಒಣಮೀನಿನ ಬುಟ್ಟಿಯ ಹಿಂದೆ ಬಿದ್ದ ನಾಯಿಗೂ.

ಬದನೆ ಸಾಲಿನ ನಡುವೆ ನಾವು ನೆಟ್ಟ ಕೋಲು,
ಕೋಲಿಗೊಂದು ಹಳದಿ ಡಬ್ಬಿ,
ಡಬ್ಬಿಯಲ್ಲಿ ಸೋಪಿನ ನೀರು,
ನೀರಿನ ಮೇಲೆ ತಂತಿಗೆ ತೂಗಿದ
ಉಗುರಿನಷ್ಟು ಸುಳ್ಳು:
ಹದಿನಾರು ಇಂಗಾಲದ ಸರ,
ಹನ್ನೊಂದನೆಯ ಮಣಿಯ ಬಳಿ ಒಂದು ಜೋಡಿಗಂಟು.
ಹೆಣ್ಣು ಪತಂಗ ಹಿಂಬದಿಯ ತುದಿ ಎತ್ತಿ
ಕತ್ತಲಿಗೆ ಬಿಡುವುದೂ ಇದನ್ನೇ,
ಯಾವ ತಕ್ಕಡಿಗೂ ಸಿಗದಷ್ಟು.

ಅದು ಹೆಂಗೆ ಗೊತ್ತಾತದೆ ಗಂಡಿಗೆ, ಎಂದಳು.

ಕುಮಟೆಯ ನಮ್ಮ ಲ್ಯಾಬಿನಲ್ಲಿ ನಾನು ಮೀಸೆ ಕತ್ತರಿಸುವವಳು.
ಎಳೆಗತ್ತರಿ, ಭೂತಗನ್ನಡಿ, ಉಸಿರು ಬಿಗಿಹಿಡಿದ ಕೈ.
ಎರಡು ಬೆಳ್ಳಿ ತಂತಿಯ ನಡುವೆ ಮೀಸೆ ಮಲಗಿಸಿ
ಗಾಜಿನ ಕೊಳವೆಯಿಂದ ಒಂದೇ ಒಂದು ಉಫ್.
ಪರದೆಯ ಹಸಿರು ಗೆರೆ
ಮೆಟ್ಟಿಲು ತಪ್ಪಿದವರಂತೆ ಕುಸಿದು
ಮತ್ತೆ ಎದ್ದು ನಿಲ್ಲುತ್ತದೆ.
ಹುಳ ಸತ್ತು ಅರ್ಧ ಗಂಟೆ.
ಮೀಸೆಗೆ ಇನ್ನೂ ಯಾರೂ ತಿಳಿಸಿಲ್ಲ.

ಇವಳಿಗೆ ಗೆರೆಯ ಮಾತು ಸಾಲದು.
ಕೈಗೆ ಸಿಕ್ಕಿದ್ದು ಹೊಳೆ.

ಮೀಸೆಯ ತುಂಬ ರೋಮ, ರೋಮದ ತುಂಬ ತೂತು, ಎಂದೆ,
ತೂತಿನ ಒಳಗೆ ಹೊಳೆ.
ಬಂದವಳು ಎಣ್ಣೆಯ ಜಾತಿ, ನೀರಿಗಿಳಿಯಲಾರಳು.
ದಡದಲ್ಲೊಂದು ತಾರಿ ಕಾದಿರುತ್ತದೆ,
ತದಡಿಯ ತಾರಿಯ ಹಾಗೇ, ಆದರೆ ಒಬ್ಬರಿಗೇ ಜಾಗ:
ಮಡಿಚಿಕೊಂಡ ಪ್ರೋಟೀನು, ಹೊಟ್ಟೆಯಲ್ಲೊಂದು ಒಣ ಗೂಡು.
ಕೂತರೆ ಬಾಯಿ ಮುಚ್ಚಿ ಒಯ್ಯುತ್ತದೆ.
ಆಚೆ ದಡದಲ್ಲಿ ನೀರು ತುಸು ಹುಳಿ,
ಮುರುಗಲ ಸಿಪ್ಪೆ ತೊಳೆದಷ್ಟು.
ಹುಳಿ ತಾಗಿದ್ದೇ ತಾರಿ ಬಾಯಿ ಬಿಡುತ್ತದೆ.
ಇಳಿ.

ಇಳಿದಲ್ಲಿ ಜಂತ್ರಡಿ.
ಗಜನಿಯ ಕಟ್ಟೆಗಿದ್ದ ಹಾಗೆ, ಹಲಗೆ ಕೂಡಿಸಿದ್ದು;
ಒಂದು ಹಲಗೆ ಎಲ್ಲ ಬಾಗಿಲಲ್ಲೂ ಅದೇ,
ಇನ್ನೊಂದಕ್ಕೆ ಇವಳೊಬ್ಬಳ ಗುರುತು.
ಗುರುತು ಹತ್ತಿತೋ, ಹಲಗೆ ಏಳುತ್ತದೆ,
ಉಪ್ಪು ನುಗ್ಗುತ್ತದೆ ಒಳಗೆ.
ಆ ಉಪ್ಪಿನ ನೂಕಿಗೇ
ಗಂಡು ಹುಳದ ತಲೆಯಲ್ಲಿ
ಬೆಳಕು ಅನ್ನುವುದೋ, ಹೆಸರು ಅನ್ನುವುದೋ,
ಅದನ್ನು ಅಳೆಯುವ ತಂತಿ ನಮ್ಮಲ್ಲಿಲ್ಲ.

"ಆಮೇಲೆ ಅವ್ಳು?"

ಅವಳನ್ನು ಅಲ್ಲೇ ತುಂಡರಿಸುತ್ತದೆ ಒಂದು ಕಿಣ್ವ,
ಕಣ್ಣು ಮುಚ್ಚಿ ತೆರೆಯುವುದರೊಳಗೆ.
ಇಲ್ಲದಿದ್ದರೆ ಮುಂದಿನವಳು ಬಂದದ್ದು ತಿಳಿಯದು.
ಗಾಳಿಯಲ್ಲಿ ವಾಸನೆ ಹಗ್ಗವಲ್ಲ, ಹರಿದ ಬಲೆಯ ಚೂರು.
ಚೂರು ಸಿಕ್ಕರೆ ಮುಂದಕ್ಕೆ,
ತಪ್ಪಿದರೆ ಅಡ್ಡಡ್ಡ, ಎಡಕ್ಕೆ, ಬಲಕ್ಕೆ.
ಮರೆಯುತ್ತ ಮರೆಯುತ್ತಲೇ ಅವನಿಗೆ ದಾರಿ.

ಬುದವಂತಿ ಕೊರಳ ಮಣಿಸರ ಸರಿಮಾಡಿಕೊಂಡಳು,
ಎಣಿಸಿದಳೋ ಏನೋ.

ಬೆಳಿಗ್ಗೆ ಡಬ್ಬಿಯ ನೀರನ್ನು ಹಳೇ ಸೀರೆಯ ತುಂಡಿಗೆ ಸೋಸಿದೆವು.
ನಲವತ್ತೇಳು ಗಂಡು. ಬಿಳಿ ರೆಕ್ಕೆ, ಕಂದು ಮಚ್ಚೆ,
ಮೀಸೆ ಇನ್ನೂ ಚಾಚಿಕೊಂಡೇ.
ನಾನು ವಹಿಯಲ್ಲಿ ಬರೆದೆ.
"ಹೆಣ್ಣು ಒಂದೂ ಇಲ್ಲ?"
ಹೆಣ್ಣು ಬರುವುದಿಲ್ಲ ಇದಕ್ಕೆ.
"ಹಂಗಾರೆ ರಾತ್ರಿಯಿಡೀ ಅದು..."
ಮಾತು ಅಲ್ಲಿಗೇ ಬಿಟ್ಟು ಬುಟ್ಟಿ ಎತ್ತಿದಳು.
ಏಳೂವರೆಯ ಅಂಕೋಲೆ ಬಸ್ಸು.
ಈ ಸಲ ತೂತಿಲ್ಲದ ಬದನೆ, ಕಿಲೋಕ್ಕೆ ಹತ್ತು ಹೆಚ್ಚು.

ಮುಂದಿನ ವಾರ ಬಿರಡೆ ಬದಲಿಸಲು ಹೋದಾಗ
ಬಾವಿ ಕಡೆಯ ಡಬ್ಬಿಯೊಂದಕ್ಕೆ ಕರಟ ಕವುಚಿತ್ತು.
ಗಾಳಿಗೆ ಹಾರಿ ಕೂತದ್ದಿರಬೇಕು, ಅಂದಳು,
ಸೊಪ್ಪಿನ ಕಟ್ಟು ಬಿಗಿಯುತ್ತ, ನನ್ನತ್ತ ನೋಡದೆ.
ಕರಟ ಹಾರಿಸುವಂಥ ಗಾಳಿ
ಆ ವಾರ ಬೀಸಿರಲಿಲ್ಲ.
ವಹಿಯಲ್ಲಿ ಅದರೆದುರು ಸೊನ್ನೆ ಬರೆದೆ.